ಮಂಡಿ ಬದಲಿಸುವ ಮುನ್ನ ಮೂರು ತಿಂಗಳು: ಕೀಲು ಉಳಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

"ಮಂಡಿ ಸವೆತ ಗ್ರೇಡ್ 3 ಅಂತೆ, ಇವತ್ತಲ್ಲ ನಾಳೆ ಮಂಡಿ ಚೇಂಜ್ ಮಾಡಿಸಲೇಬೇಕಂತೆ." ಎಕ್ಸ್‌ರೇ ಕವರ್ ಕೈಯಲ್ಲಿ ಹಿಡಿದು ಹೀಗೆ ಹೇಳುವವರು ನಮ್ಮ ಬಂಧುಬಳಗದಲ್ಲಿ ಒಬ್ಬರಾದರೂ ಇರುತ್ತಾರೆ, ಅಲ್ವಾ? ಆ ಮಾತು ಕೇಳಿದ ದಿನದಿಂದ ಅವರು ಹೆದರಿ ನಡೆಯುವುದನ್ನೇ ಬಿಡುತ್ತಾರೆ. ತೊಡೆ ಸೊರಗುತ್ತದೆ, ತೂಕ ಏರುತ್ತದೆ, ನೋವು ಜಾಸ್ತಿಯಾಗುತ್ತದೆ. ಕೊನೆಗೆ ಆಪರೇಷನ್ ನಿಜಕ್ಕೂ ಬೇಕಾಗುತ್ತದೆ.

ಇದನ್ನು ನಡುವೆಯೇ ತಡೆಯಬಹುದು. 2015ರಲ್ಲಿ ಡೆನ್ಮಾರ್ಕ್‌ನ ಒಂದು ಅಧ್ಯಯನ ಪ್ರಕಟವಾಯಿತು. ಮಂಡಿ ಬದಲಿಸಲು ಅರ್ಹರು ಎಂದು ವೈದ್ಯರು ಹೇಳಿದ್ದ 100 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆಪರೇಷನ್, ಅದರ ಜೊತೆಗೆ ವ್ಯಾಯಾಮ. ಇನ್ನೊಂದಕ್ಕೆ 12 ವಾರಗಳ ವ್ಯಾಯಾಮ, ಊಟದ ಸಲಹೆ, ಅಗತ್ಯವಿದ್ದರೆ ನೋವಿನ ಔಷಧಿ, ಅಷ್ಟೇ. ವರ್ಷದ ಕೊನೆಗೆ ಎರಡನೇ ಗುಂಪಿನ 50 ಜನರಲ್ಲಿ ಆಪರೇಷನ್ ಮಾಡಿಸಿಕೊಂಡವರು 13 ಮಂದಿ ಮಾತ್ರ. ಇನ್ನೊಂದು ಮುಖವನ್ನೂ ಹೇಳಬೇಕು. ಆಪರೇಷನ್ ಆದವರಿಗೆ ನೋವು ಹೆಚ್ಚು ಇಳಿದಿತ್ತು, ಗಂಭೀರ ತೊಂದರೆಗಳು ಕಂಡದ್ದೂ ಅವರಲ್ಲೇ ಹೆಚ್ಚು.

ಹಾಗಾಗಿ ನಾನು ಹೇಳುವುದು ಇಷ್ಟು: ತುರ್ತು ಕಾರಣ ಇಲ್ಲದಿದ್ದರೆ, ಮಂಡಿಗೆ ಮೊದಲು ಮೂರು ತಿಂಗಳು ಶ್ರದ್ಧೆಯ ದುಡಿಮೆ ಕೊಡಿ. ಆಮೇಲೆ ತೀರ್ಮಾನ ಮಾಡಿ.

ಮೊದಲು, ಒಳಗೆ ಏನಾಗಿದೆ ಅಂತ ತಿಳಿಯೋಣ

"ಮಂಡಿಯ ಗ್ರೀಸ್ ಖಾಲಿಯಾಗಿದೆ" ಎನ್ನುವುದು ನಮ್ಮಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ಕೇಳಲು ಸರಳ, ಆದರೆ ದಾರಿ ತಪ್ಪಿಸುತ್ತದೆ. ಗ್ರೀಸ್ ಖಾಲಿಯಾದ ಯಂತ್ರವನ್ನು ಓಡಿಸಬಾರದು. ಮಂಡಿಯ ವಿಷಯ ಅದಕ್ಕೆ ಉಲ್ಟಾ.

ಎಲುಬಿನ ತುದಿಗಳ ಮೇಲೆ ಕಾರ್ಟಿಲೇಜ್ ಎಂಬ ನುಣುಪಾದ ಪದರ ಇರುತ್ತದೆ. ಅದರೊಳಗೆ ರಕ್ತನಾಳ ಇಲ್ಲ. ಕೀಲಿನ ಒಳಗಿರುವ ದ್ರವದಿಂದಲೇ ಅದಕ್ಕೆ ಆಹಾರ ಸಿಗಬೇಕು. ಹೆಜ್ಜೆ ಇಟ್ಟಾಗ ಪದರ ಒತ್ತಿಕೊಳ್ಳುತ್ತದೆ, ಹೆಜ್ಜೆ ಎತ್ತಿದಾಗ ಮತ್ತೆ ಹಿಗ್ಗಿ ದ್ರವವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಅಂದರೆ ನಡೆದರೇನೇ ಅದಕ್ಕೆ ಊಟ. ಪೂರ್ತಿ ವಿಶ್ರಾಂತಿ ಕೊಟ್ಟರೆ ಉಪವಾಸ.

ಕಾರ್ಟಿಲೇಜ್‌ಗೆ ನರವೂ ಇಲ್ಲ. ನೋವು ಬರುವುದು ಅದರ ಕೆಳಗಿನ ಎಲುಬಿನಿಂದ, ಕೀಲಿನ ಒಳಪೊರೆಯ ಊತದಿಂದ, ಸುತ್ತಲಿನ ಸ್ನಾಯುಗಳಿಂದ. ಸವೆದ ಪದರವನ್ನು ಮತ್ತೆ ಮೊದಲಿನಂತೆ ಬೆಳೆಸುವ ಮಾತ್ರೆ, ಎಣ್ಣೆ, ಲೇಹ್ಯ ಯಾವುದೂ ಇಲ್ಲ. ಆದರೆ ನೋವಿನ ಉಳಿದ ಮೂಲಗಳನ್ನು ಇಳಿಸಬಹುದು. ನಮ್ಮ ಕೆಲಸ ಅಲ್ಲಿದೆ.

ಹಂತ 1: ಇದು ಸವೆತದ ನೋವೇ ಅಂತ ಖಚಿತ ಮಾಡಿಕೊಳ್ಳಿ

ಸವೆತದ ನೋವಿಗೆ ಒಂದು ಚಹರೆ ಇದೆ. ವಯಸ್ಸು ಸಾಮಾನ್ಯವಾಗಿ 45 ದಾಟಿರುತ್ತದೆ. ನಡೆದರೆ, ಮೆಟ್ಟಿಲು ಇಳಿದರೆ ನೋವು, ಕೂತರೆ ಕಮ್ಮಿ. ಬೆಳಿಗ್ಗೆ ಎದ್ದಾಗ ಬಿಗಿತ ಇರುತ್ತದೆ, ಅರ್ಧ ಗಂಟೆಯೊಳಗೆ ಬಿಡುತ್ತದೆ. ಮಡಿಸಿದಾಗ ಕಟಕಟ ಸದ್ದು. ನೋವಿಲ್ಲದೆ ಬರೀ ಸದ್ದು ಬಂದರೆ ಅದಕ್ಕೆ ಹೆದರಬೇಕಿಲ್ಲ.

ಈ ಕೆಳಗಿನವು ಇದ್ದರೆ ಮನೆಮದ್ದು ಬಿಟ್ಟು ಮೊದಲು ವೈದ್ಯರ ಹತ್ತಿರ ಹೋಗಿ:

- ಮಂಡಿ ಕೆಂಪಾಗಿ, ಬಿಸಿಯಾಗಿ ಊದಿ, ಜ್ವರವೂ ಇದ್ದರೆ ಅದೇ ದಿನ ಹೋಗಿ. ಕೀಲಿನೊಳಗೆ ಸೋಂಕು ಇರಬಹುದು.
- ಬೆಳಗಿನ ಬಿಗಿತ ಗಂಟೆಗಟ್ಟಲೆ ಇದ್ದು, ಕೈಬೆರಳಿನ ಗೆಣ್ಣುಗಳೂ ಊದಿದ್ದರೆ. ಇದು ರುಮಟಾಯ್ಡ್ ಎಂಬ ಕೀಲೂತದ ಕಾಯಿಲೆ ಇರಬಹುದು, ಅದಕ್ಕೆ ಚಿಕಿತ್ಸೆಯೇ ಬೇರೆ.
- ಬಿದ್ದ ಮೇಲೆ ಕಾಲೂರಲು ಆಗದಿದ್ದರೆ.
- ಮಂಡಿ ನಡುವೆಯೇ ಸಿಕ್ಕಿಹಾಕಿಕೊಂಡು ಚಾಚಲು ಬಾರದಿದ್ದರೆ.
- ಮಲಗಿದಾಗಲೂ ಬಿಡದ ನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಅಥವಾ ಒಂದೇ ಕಾಲಿನ ಮೀನಖಂಡ ಊದಿ ನೋಯುವುದು.

ಎಕ್ಸ್‌ರೇ ತೆಗೆಸುವುದಾದರೆ ನಿಂತುಕೊಂಡೇ ತೆಗೆಸಿ. ಮಲಗಿಸಿ ತೆಗೆದ ಚಿತ್ರದಲ್ಲಿ ಎಲುಬುಗಳ ನಡುವಿನ ಅಂತರ ಸರಿಯಾಗಿ ಕಾಣುವುದಿಲ್ಲ. ಇನ್ನು ಆ 'ಗ್ರೇಡ್'. 0ರಿಂದ 4ರವರೆಗಿನ ಈ ಲೆಕ್ಕ 1957ರಿಂದ ಬಳಕೆಯಲ್ಲಿದೆ. ಅದು ಚಿತ್ರಕ್ಕೆ ಕೊಡುವ ಅಂಕ. ಗ್ರೇಡ್ 4 ಇದ್ದೂ ಸಂತೆಗೆ ನಡೆದು ಹೋಗಿ ಬರುವವರಿದ್ದಾರೆ, ಗ್ರೇಡ್ 2ಕ್ಕೇ ಹಾಸಿಗೆ ಹಿಡಿದವರಿದ್ದಾರೆ. ಚಿತ್ರವೊಂದನ್ನೇ ನೋಡಿ ಆಪರೇಷನ್ ದಿನ ಗೊತ್ತು ಮಾಡುವುದು ಸರಿಯಲ್ಲ.

ಎಂಆರ್‌ಐ ಬಗ್ಗೆಯೂ ಒಂದು ಮಾತು. ಐವತ್ತು ದಾಟಿದವರ ಎಂಆರ್‌ಐನಲ್ಲಿ 'ಮೆನಿಸ್ಕಸ್ (ಮಂಡಿಯೊಳಗಿನ ಮೆತ್ತೆ) ಹರಿದಿದೆ' ಎಂದು ಬರುವುದು ತೀರಾ ಸಾಮಾನ್ಯ, ನೋವೇ ಇಲ್ಲದವರಲ್ಲೂ ಕಾಣುತ್ತದೆ. ಅದನ್ನು ನೋಡಿ 'ಸಣ್ಣ ತೂತು ಮಾಡಿ ಕ್ಲೀನ್ ಮಾಡಿಬಿಡೋಣ' ಎಂದರೆ ಸ್ವಲ್ಪ ಯೋಚಿಸಿ. ಅಮೆರಿಕದ ಹ್ಯೂಸ್ಟನ್‌ನಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೆಲವರಿಗೆ ನಿಜವಾದ ಆರ್ತ್ರೋಸ್ಕೋಪಿ, ಅಂದರೆ ಇದೇ ತೂತಿನ ಆಪರೇಷನ್, ಮಾಡಿದರು, ಕೆಲವರಿಗೆ ಚರ್ಮ ಮಾತ್ರ ಕೊಯ್ದು ಹೊಲಿದರು. ಸವೆದ ಮಂಡಿಯ ನೋವಿನಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಇರಲಿಲ್ಲ.

ಹಂತ 2: ಇವತ್ತಿನ ಲೆಕ್ಕ ಬರೆದಿಡಿ

ಗೋಡೆಗೆ ಆನಿಸಿದ ಗಟ್ಟಿ ಕುರ್ಚಿಯಲ್ಲಿ ಕೂತು, ಕೈಗಳನ್ನು ಎದೆಯ ಮೇಲೆ ಮಡಚಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಎಣಿಸಿ. 65ರಿಂದ 69ರ ವಯಸ್ಸಿನ ಹೆಂಗಸರಿಗೆ 11, ಗಂಡಸರಿಗೆ 12ಕ್ಕಿಂತ ಕಮ್ಮಿ ಬಂದರೆ ಕಾಲಿನ ಶಕ್ತಿ ಸಾಲದು ಎಂದರ್ಥ. ಜೊತೆಗೆ ನಿಲ್ಲದೆ ಎಷ್ಟು ನಿಮಿಷ ನಡೆಯಬಲ್ಲಿರಿ, ಸೊಂಟದ ಸುತ್ತಳತೆ ಎಷ್ಟು, ನೋವಿಗೆ ಹತ್ತಕ್ಕೆ ಎಷ್ಟು ಅಂಕ, ಇವನ್ನೂ ಕ್ಯಾಲೆಂಡರ್ ಮೇಲೆ ಬರೆಯಿರಿ. ನೋವು ದಿನಕ್ಕೊಂದು ರೀತಿ ಇರುತ್ತದೆ, ಬರೆದಿಡದಿದ್ದರೆ ಸುಧಾರಿಸಿದ್ದು ಗೊತ್ತೇ ಆಗುವುದಿಲ್ಲ.

ಹಂತ 3: ತೊಡೆ ಮತ್ತು ಸೊಂಟದ ಬಲ ಕಟ್ಟಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಭಾಗ ಓದುವಷ್ಟು ಸಮಯ ಇದ್ದರೆ ಇದನ್ನೇ ಓದಿ. ಹೆಜ್ಜೆ ಇಟ್ಟಾಗ ಬರುವ ಹೊಡೆತವನ್ನು ತೊಡೆಯ ಮುಂದಿನ ಸ್ನಾಯು ತಡೆದುಕೊಂಡರೆ ಕೀಲಿಗೆ ಉಳಿಯುವುದು ಕಮ್ಮಿ. ಆ ಸ್ನಾಯು ಸೊರಗಿದರೆ ಎಲ್ಲವೂ ಕೀಲಿನ ಮೇಲೆ. ಸೊಂಟದ ಪಕ್ಕದ ಸ್ನಾಯು ಬಲಹೀನವಾದರೆ ನಡೆಯುವಾಗ ಮೈ ಆಕಡೆ ಈಕಡೆ ವಾಲುತ್ತದೆ.

ನೋವಿಗೆ ಒಂದು ನಿಯಮ ಇಟ್ಟುಕೊಳ್ಳಿ. ವ್ಯಾಯಾಮ ಮಾಡುವಾಗ ಹತ್ತಕ್ಕೆ ಐದರವರೆಗೆ ನೋವು ಬಂದರೆ ಪರವಾಗಿಲ್ಲ. ಆದರೆ ಮರುದಿನದ ಹೊತ್ತಿಗೆ ಅದು ಮೊದಲಿನ ಮಟ್ಟಕ್ಕೆ ಇಳಿಯಬೇಕು. ಇಳಿಯದಿದ್ದರೆ ಅಥವಾ ಮಂಡಿ ಊದಿಕೊಂಡರೆ ನಿಲ್ಲಿಸಬೇಡಿ, ಪ್ರಮಾಣ ಅರ್ಧ ಮಾಡಿ. ಸ್ವಲ್ಪ ನೋವು ಬಂದ ತಕ್ಷಣ 'ಮಂಡಿ ಇನ್ನೂ ಸವೆಯುತ್ತಿದೆ' ಎಂದು ಹೆದರಿ ಬಿಟ್ಟುಬಿಡುವವರೇ ಜಾಸ್ತಿ.

*ಮೊದಲ ಎರಡು ವಾರ, ಹಾಸಿಗೆಯ ಮೇಲೆ.* ಕಾಲು ಚಾಚಿ ಕೂತು, ಮಂಡಿಯ ಕೆಳಗೆ ಟವೆಲ್ ಸುತ್ತಿ ಇಡಿ. ಮಂಡಿಯಿಂದ ಟವೆಲನ್ನು ಕೆಳಕ್ಕೆ ಒತ್ತಿ. ತೊಡೆ ಗಟ್ಟಿಯಾದದ್ದು ಕೈಗೆ ಗೊತ್ತಾಗಬೇಕು. ಆರು ಎಣಿಸಿ ಬಿಡಿ. ಹತ್ತು ಸಲ, ಬೆಳಿಗ್ಗೆ ಸಂಜೆ. ಆಮೇಲೆ ಅಂಗಾತ ಮಲಗಿ ಒಂದು ಕಾಲು ಮಡಚಿ, ಇನ್ನೊಂದನ್ನು ನೆಟ್ಟಗೆ ಇಟ್ಟು ಒಂದು ಗೇಣಿಗಿಂತ ಸ್ವಲ್ಪ ಮೇಲೆ ಎತ್ತಿ, ಐದು ಎಣಿಸಿ ನಿಧಾನ ಇಳಿಸಿ. ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ಪಕ್ಕಕ್ಕೆ ಎತ್ತಿ ಇಳಿಸುವುದು ಸೊಂಟಕ್ಕೆ. ಪ್ರತಿ ಕಾಲಿಗೆ ಹತ್ತು. ಉಸಿರು ಬಿಗಿಹಿಡಿಯಬೇಡಿ, ಬಿಪಿ ಇರುವವರು ಇದನ್ನು ಮರೆಯಲೇಬಾರದು. ಬಾಯಿಬಿಟ್ಟು ಎಣಿಸಿದರೆ ಉಸಿರು ತಾನಾಗಿ ಆಡುತ್ತದೆ.

*ಮೂರರಿಂದ ಆರನೇ ವಾರ, ಕುರ್ಚಿ ಹಿಡಿದು.* ಈಗ ಕುರ್ಚಿಯಿಂದ ಎದ್ದು ಕೂರುವುದೇ ಮುಖ್ಯ ವ್ಯಾಯಾಮ. ಕುರ್ಚಿ ತಗ್ಗಾಗಿದ್ದರೆ ಎರಡು ದಿಂಬು ಹಾಕಿ ಎತ್ತರ ಮಾಡಿ. ಪಾದಗಳು ಭುಜದಷ್ಟು ಅಗಲ. ಏಳುವಾಗ ಮಂಡಿಗಳು ಒಳಕ್ಕೆ ಬಾಗಬಾರದು, ಕಾಲ್ಬೆರಳಿನ ದಿಕ್ಕಿಗೇ ಇರಬೇಕು. ಕೂರುವಾಗ ಧಪ್ ಅಂತ ಬೀಳಬೇಡಿ. ಮೂರು ಎಣಿಸುತ್ತಾ ಇಳಿಯಿರಿ, ಬಲ ಬರುವುದು ಆ ನಿಧಾನದಲ್ಲೇ. ಎಂಟರಿಂದ ಹತ್ತು ಸಲ, ಒಂದು ನಿಮಿಷ ಸುಧಾರಿಸಿಕೊಂಡು ಮತ್ತೆ, ಹೀಗೆ ಮೂರು ಸುತ್ತು. ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು ಮೀನಖಂಡಕ್ಕೆ. ಅಂಗಾತ ಮಲಗಿ ಎರಡೂ ಮಂಡಿ ಮಡಚಿ ಸೊಂಟ ಮೇಲೆತ್ತುವುದು ಹಿಂದೊಡೆಗೆ. ವಾರಕ್ಕೆ ಮೂರು ದಿನ ಸಾಕು, ನಡುವೆ ಒಂದೊಂದು ದಿನ ಬಿಡುವು ಕೊಡಿ.

*ಏಳರಿಂದ ಹನ್ನೆರಡನೇ ವಾರ, ಭಾರ ಏರಿಸಿ.* ನಮ್ಮವರು ಎಡವುವುದು ಇಲ್ಲೇ. ಮೊದಲ ವಾರದ ಟವೆಲ್ ವ್ಯಾಯಾಮವನ್ನೇ ವರ್ಷಗಟ್ಟಲೆ ಮಾಡಿ 'ಫಿಸಿಯೋ ಮಾಡಿಸಿದೆ, ಉಪಯೋಗ ಆಗಲಿಲ್ಲ' ಅನ್ನುತ್ತಾರೆ. ಸ್ನಾಯುವಿಗೆ ಕಷ್ಟ ಅನ್ನಿಸದಿದ್ದರೆ ಅದು ಬೆಳೆಯುವುದಿಲ್ಲ. ದಿಂಬು ತೆಗೆಯಿರಿ. ಕೈಯಲ್ಲಿ ಒಂದು ಲೀಟರ್ ನೀರಿನ ಬಾಟಲಿ ಹಿಡಿದು ಎದ್ದು ಕೂರಿ. ನಾಲ್ಕಾರು ಇಂಚು ಎತ್ತರದ ಮೆಟ್ಟಿಲ ಮೇಲೆ ಗೋಡೆ ಹಿಡಿದು ಹತ್ತಿ, ಅದೇ ಕಾಲಿನ ಬಲದಲ್ಲಿ ನಿಧಾನ ಇಳಿಯಿರಿ. ಕೊನೆಯ ಎರಡು ಸಲ 'ಅಬ್ಬಾ' ಅನ್ನಿಸುವಷ್ಟು ಇರಲಿ. ಒಂಟಿಕಾಲಲ್ಲಿ ನಿಲ್ಲುವ ಅಭ್ಯಾಸವನ್ನೂ ಸೇರಿಸಿ, ಕೈಗೆ ಆಸರೆ ಹತ್ತಿರ ಇರಲಿ.

ಶುರುವಿಗೆ ಒಂದೆರಡು ಸಲವಾದರೂ ಫಿಸಿಯೋಥೆರಪಿಸ್ಟ್ ಮುಂದೆ ಮಾಡಿ ತಿದ್ದಿಸಿಕೊಳ್ಳಿ. ಬರೀ ಶಾಖ, ಕರೆಂಟು, ಮಸಾಜು ಕೊಟ್ಟು ಕಳಿಸುವ ಕಡೆ ದುಡ್ಡು ಹಾಕಬೇಡಿ. ನಿಮ್ಮ ಕೈಯಲ್ಲೇ ವ್ಯಾಯಾಮ ಮಾಡಿಸುವವರನ್ನು ಹುಡುಕಿ.

ಹಂತ 4: ನಡಿಗೆ ಬಿಡಬೇಡಿ, ಇಳಿಜಾರಿನಲ್ಲಿ ಹುಷಾರು

ಸಮತಟ್ಟಾದ ದಾರಿಯಲ್ಲಿ ಹತ್ತು ನಿಮಿಷದಿಂದ ಶುರು ಮಾಡಿ, ವಾರಕ್ಕೆ ಎರಡು ಮೂರು ನಿಮಿಷ ಏರಿಸಿ. ಒಂದೇ ಸಲಕ್ಕೆ ಅರ್ಧ ಗಂಟೆ ಆಗದಿದ್ದರೆ ಮೂರು ಹೊತ್ತಿಗೆ ಹಂಚಿ. ಸೈಕಲ್, ಈಜು ಕೂಡ ಒಳ್ಳೆಯವು. ಓಟದಿಂದ ಮಂಡಿ ಸವೆಯುತ್ತದೆ ಎಂಬ ಹೆದರಿಕೆ ಬೇಡ. ಹವ್ಯಾಸಕ್ಕೆ ಓಡುವವರಲ್ಲಿ ಕೂತೇ ಇರುವವರಿಗಿಂತ ಸವೆತ ಕಮ್ಮಿ ಕಂಡಿದೆ. ಹಾಗಂತ ನೋವಿರುವಾಗ ಹೊಸದಾಗಿ ಓಟ ಶುರು ಮಾಡಬೇಡಿ.

ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವ ಹರಕೆ ಇದ್ದರೆ ಹತ್ತಿ, ಇಳಿಯಲು ಬಸ್ ಹಿಡಿಯಿರಿ. ದೇವಿ ಏನೂ ಅಂದುಕೊಳ್ಳುವುದಿಲ್ಲ. ಶ್ರವಣಬೆಳಗೊಳದಲ್ಲಿ ಆ ಅನುಕೂಲ ಇಲ್ಲ. ಕಂಬಿ ಹಿಡಿದು, ನಿಧಾನವಾಗಿ ಇಳಿಯಿರಿ.

ಕೋಲು ಹಿಡಿಯಲು ನಾಚಿಕೆ ಯಾಕೆ? ಆದರೆ ಸರಿಯಾದ ಕೈಯಲ್ಲಿ ಹಿಡಿಯಿರಿ. ಎಡ ಮಂಡಿ ನೋವಿದ್ದರೆ ಕೋಲು ಬಲಗೈಯಲ್ಲಿ. ಕೈ ಇಳಿಬಿಟ್ಟು ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಮಟ್ಟಕ್ಕಿರಬೇಕು.

ಹಂತ 5: ತೂಕ

ನಡೆಯುವಾಗ ಮೈತೂಕಕ್ಕಿಂತ ಎರಡು ಮೂರು ಪಟ್ಟು ಭಾರ ಮಂಡಿಯ ಮೇಲೆ ಬೀಳುತ್ತದೆ. 2005ರ ಒಂದು ಅಧ್ಯಯನದ ಪ್ರಕಾರ ಒಂದು ಕೆಜಿ ತೂಕ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕೆಜಿಯಷ್ಟು ಇಳಿಯುತ್ತದೆ. ದಿನಕ್ಕೆ ನಾಲ್ಕು ಸಾವಿರ ಹೆಜ್ಜೆ ಅಂತ ಇಟ್ಟುಕೊಂಡು ಗುಣಿಸಿ ನೋಡಿ. ಭಾರತೀಯರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 23 ದಾಟಿದರೆ ತೂಕ ಹೆಚ್ಚು ಎಂದು ಲೆಕ್ಕ. ಗುರಿಯನ್ನು ಮೈತೂಕದ ಶೇ. 10ಕ್ಕೆ ಇಡಿ. 80 ಕೆಜಿ ಇದ್ದವರು 72ಕ್ಕೆ ಬಂದರೆ ಮಂಡಿಗೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಮೂರು ತಿಂಗಳಲ್ಲಿ ಅದರ ಅರ್ಧ ಆದರೂ ಒಳ್ಳೆಯದೇ.

'ಅನ್ನ ಬಿಟ್ಟು ಮುದ್ದೆ ತಿಂತೀನಿ, ಆದ್ರೂ ತೂಕ ಇಳಿದಿಲ್ಲ' ಎನ್ನುವವರಿಗೆ: ರಾಗಿಹಿಟ್ಟಿಗೂ ಅಕ್ಕಿಗೂ ಕ್ಯಾಲರಿಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಮುದ್ದೆಯ ಗಾತ್ರ ನೋಡಿಕೊಳ್ಳಬೇಕು. ತಟ್ಟೆಯ ಅರ್ಧ ಪಲ್ಯ, ಸೊಪ್ಪು, ಕೋಸಂಬರಿ ಇರಲಿ. ಕಾಲು ಭಾಗ ಕಾಳು, ಬೇಳೆ, ಮೊಟ್ಟೆ ಅಥವಾ ಮೀನು. ಉಳಿದ ಕಾಲು ಭಾಗ ಅನ್ನ, ಮುದ್ದೆ ಅಥವಾ ರೊಟ್ಟಿ. ಎಣ್ಣೆಯ ಡಬ್ಬದ ಮೇಲೆ ತಾರೀಕು ಬರೆಯಿರಿ, ಮನೆಯಲ್ಲಿ ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್ ಸಾಕು. ಸಂಜೆಯ ಬೋಂಡಾ, ದಿನಕ್ಕೆ ನಾಲ್ಕು ಸಲದ ಸಕ್ಕರೆ ಕಾಫಿ, ಇವು ಲೆಕ್ಕಕ್ಕೇ ಸಿಗದೆ ಒಳಗೆ ಹೋಗುತ್ತವೆ. ಬರೀ ಉಪವಾಸ ಮಾಡಿ ತೂಕ ಇಳಿಸಿದರೆ ತೊಡೆಯ ಸ್ನಾಯುವೂ ಕರಗುತ್ತದೆ, ಆದ್ದರಿಂದ ಹಂತ 3 ಜೊತೆಗೇ ಇರಬೇಕು. ಕಿಡ್ನಿ ತೊಂದರೆ ಇರುವವರು ಕಾಳು, ಮೊಟ್ಟೆ ಹೆಚ್ಚಿಸುವ ಮುನ್ನ ವೈದ್ಯರನ್ನು ಕೇಳಿ.

ಅಂಟಿನ ಉಂಡೆ ಮಂಡಿಗೆ ಒಳ್ಳೆಯದು ಅಂತ ಮನೆಯಲ್ಲಿ ಮಾಡಿಕೊಡುತ್ತಾರೆ. ರುಚಿಗೆ ಒಂದು ತಿನ್ನಿ. ಅದರ ತುಪ್ಪ, ಬೆಲ್ಲ, ಕೊಬ್ಬರಿ ಸೇರುವುದು ಸೊಂಟಕ್ಕೆ.

ಹಂತ 6: ನೆಲದ ಕೆಲಸಗಳನ್ನು ಮೇಲಕ್ಕೆ ತನ್ನಿ

ನಮ್ಮ ಬದುಕು ನೆಲಕ್ಕೆ ಹತ್ತಿರ. ರಂಗೋಲಿ, ಈಳಿಗೆಮಣೆ, ಹೂ ಕಟ್ಟುವುದು, ಕರಾವಳಿಯಲ್ಲಿ ಬೀಡಿ ಕಟ್ಟುವುದು, ಗದ್ದೆಯಲ್ಲಿ ಕಳೆ ಕೀಳುವುದು, ಪಂಕ್ತಿ ಊಟ, ದೇಸಿ ಶೌಚಾಲಯ. ಮಂಡಿ ಪೂರ್ತಿ ಮಡಿಸಿ ಕುಕ್ಕುರುಗಾಲಲ್ಲಿ ಕೂತಾಗ ಮಂಡಿಚಿಪ್ಪಿನ ಹಿಂದೆ ಮೈತೂಕದ ಹಲವು ಪಟ್ಟು ಒತ್ತಡ ಬೀಳುತ್ತದೆ. ಚೀನಾದ ಬೀಜಿಂಗ್‌ನಲ್ಲಿ ಹಿರಿಯರ ಮೇಲೆ ನಡೆದ ಅಧ್ಯಯನದಲ್ಲಿ, ಯೌವನದಲ್ಲಿ ದಿನಕ್ಕೆ ಹೆಚ್ಚು ಹೊತ್ತು ಕುಕ್ಕುರುಗಾಲಲ್ಲಿ ಕೂತವರಿಗೆ ಮುಂದೆ ಮಂಡಿ ಸವೆತ ಹೆಚ್ಚು ಕಂಡಿತ್ತು.

ಇದನ್ನು ಓದಿ ಮಂಡಿ ಚೆನ್ನಾಗಿರುವ ಮಗ ಸೊಸೆ ನೆಲ ಬಿಡಬೇಕಿಲ್ಲ. ಸುಮ್ನೆ ಹತ್ತು ನಿಮಿಷ ಚಕ್ಕಳಮಕ್ಕಳ ಹಾಕಿ ಊಟ ಮಾಡುವುದಕ್ಕೂ ಗಂಟೆಗಟ್ಟಲೆ ಕುಕ್ಕುರುಗಾಲಲ್ಲಿ ದುಡಿಯುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಆದರೆ ನೋವು ಈಗಾಗಲೇ ಇದ್ದರೆ ಕೆಲವು ಬದಲಾವಣೆ ಮಾಡಲೇಬೇಕು.

ಮೊದಲು ಶೌಚಾಲಯ. ಇಂಡಿಯನ್ ಕಮೋಡ್ ಒಡೆಸಿ ಹೊಸದು ಹಾಕಿಸಲು ಆಗದಿದ್ದರೆ, ಅದರ ಮೇಲೆ ಇಡುವ ಕಮೋಡ್ ಕುರ್ಚಿ ಔಷಧಿ ಸಲಕರಣೆಗಳ ಅಂಗಡಿಯಲ್ಲಿ ಸಿಗುತ್ತದೆ. ಗೋಡೆಗೆ ಒಂದು ಕಂಬಿ ಹಾಕಿಸಿ. ಆಮೇಲೆ ಅಡುಗೆಮನೆ: ತರಕಾರಿ ಕಟ್ಟೆಯ ಮೇಲೆ ಹೆಚ್ಚಿ. ಪೂಜೆಗೆ ಎತ್ತರದ ಸ್ಟೂಲು ಇಟ್ಟುಕೊಳ್ಳಿ. ನಮಾಜನ್ನು ಕುರ್ಚಿಯಲ್ಲಿ ಕೂತು ಮಾಡುವ ಅವಕಾಶ ಇದ್ದೇ ಇದೆ. ರಂಗೋಲಿಯನ್ನು ಹಬ್ಬಕ್ಕೆ ದೊಡ್ಡದಾಗಿ ಹಾಕುವಾಗ ಮನೆಯ ಹುಡುಗರಿಗೆ ಬಿಟ್ಟುಕೊಡಿ. ಹೊಲದ ಕೆಲಸಕ್ಕೆ ಇದು ಸುಲಭವಲ್ಲ, ಕೂಲಿ ಬಿಡಲು ಆಗುವುದಿಲ್ಲ. ಉದ್ದ ಹಿಡಿಯ ಕಳೆ ಕೀಳುವ ಸಾಧನ ಬಳಸಿ, ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ.

ಹಂತ 7: ನೋವಿಗೆ ಏನು, ದುಡ್ಡು ಪೋಲಾಗುವುದು ಎಲ್ಲಿ

ಮೊದಲ ಆಯ್ಕೆ ಡೈಕ್ಲೋಫೆನಾಕ್ ಜೆಲ್. ಮಂಡಿಯ ಸುತ್ತ ದಿನಕ್ಕೆ ಮೂರು ನಾಲ್ಕು ಸಲ ಹಚ್ಚಿ. ಅದೇ ಔಷಧಿಯನ್ನು ಮಾತ್ರೆಯಾಗಿ ನುಂಗಿದರೆ ಹೊಟ್ಟೆ, ಕಿಡ್ನಿ, ಬಿಪಿ, ಹೃದಯ ಎಲ್ಲಕ್ಕೂ ಹೊರೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತಿಂಗಳುಗಟ್ಟಲೆ ನೋವಿನ ಮಾತ್ರೆ ನುಂಗುವುದು ನಮ್ಮ ಊರುಗಳ ದೊಡ್ಡ ಕೆಟ್ಟ ಅಭ್ಯಾಸ. ಎಣ್ಣೆ ಹಚ್ಚಿ ಬಿಸಿನೀರು ಹಾಕುವುದು ಹಾಯೆನಿಸುತ್ತದೆ, ಮಾಡಿ. ಲೇಬಲ್ ಇಲ್ಲದ 'ನಾಟಿ' ಪುಡಿ, ಗುಳಿಗೆ ಮಾತ್ರ ಬೇಡ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಪತ್ತೆಯಾದದ್ದಿದೆ.

ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ ನೋವು ಇಳಿಸುತ್ತದೆ. ಮಗಳ ಮದುವೆ ಹತ್ತಿರ ಬಂದಿದೆ ಅಂದರೆ ಒಮ್ಮೆ ಸರಿ. ಪದೇ ಪದೇ ಬೇಡ: 2017ರ ಅಧ್ಯಯನದಲ್ಲಿ ಮೂರು ತಿಂಗಳಿಗೊಮ್ಮೆಯಂತೆ ಎರಡು ವರ್ಷ ಕೊಟ್ಟಾಗ ಕಾರ್ಟಿಲೇಜ್ ಇನ್ನಷ್ಟು ತೆಳುವಾಯಿತು, ನೋವಿನಲ್ಲಿ ಔಷಧಿಯಿಲ್ಲದ ಬರೀ ಉಪ್ಪುನೀರಿನ ಇಂಜೆಕ್ಷನ್‌ಗಿಂತ ಲಾಭ ಇರಲಿಲ್ಲ. ಪಿಆರ್‌ಪಿ (ನಿಮ್ಮದೇ ರಕ್ತದಿಂದ ತಯಾರಿಸಿ ಕೊಡುವ ಇಂಜೆಕ್ಷನ್) ಕೂಡ ಆಸ್ಟ್ರೇಲಿಯಾದ 2021ರ ಅಧ್ಯಯನದಲ್ಲಿ ಉಪ್ಪುನೀರನ್ನು ಮೀರಿಸಲಿಲ್ಲ. ಕಾರ್ಟಿಲೇಜ್‌ಗೆಂದು ಮಾರುವ ಗ್ಲುಕೋಸಮೈನ್ ಮಾತ್ರೆ, ಕೀಲಿನೊಳಗೆ ಚುಚ್ಚುವ ಜೆಲ್ ಇಂಜೆಕ್ಷನ್ ಎರಡನ್ನೂ ಬ್ರಿಟನ್ನಿನ 2022ರ ಅಧಿಕೃತ ಮಾರ್ಗಸೂಚಿ ಬೇಡ ಎನ್ನುತ್ತದೆ. ಆ ದುಡ್ಡಲ್ಲಿ ಒಳ್ಳೆಯ ಶೂ ಕೊಳ್ಳಿ, ಫಿಸಿಯೋ ಫೀಸು ಕಟ್ಟಿ.

ಹಂತ 8: ಮೂರು ತಿಂಗಳ ನಂತರ

ಕ್ಯಾಲೆಂಡರ್ ತೆಗೆದು ಅದೇ ಪರೀಕ್ಷೆ ಮತ್ತೆ ಮಾಡಿ. ಎದ್ದು ಕೂರುವ ಸಂಖ್ಯೆ ಏರಿದೆ, ನಡಿಗೆ ಉದ್ದವಾಗಿದೆ ಅಂದರೆ ಆಪರೇಷನ್ ಮಾತು ಮುಂದೂಡಿ. ವಾರಕ್ಕೆ ಎರಡು ಮೂರು ದಿನ ವ್ಯಾಯಾಮ ಮಾತ್ರ ನಿಲ್ಲಿಸುವಂತಿಲ್ಲ.

ಇಷ್ಟೆಲ್ಲ ಮಾಡಿಯೂ ರಾತ್ರಿ ನಿದ್ದೆ ಇಲ್ಲ, ಮನೆಯೊಳಗೆ ಓಡಾಡಲೂ ಆಗುತ್ತಿಲ್ಲ, ಕಾಲು ಬಿಲ್ಲಿನಂತೆ ಬಾಗುತ್ತಲೇ ಇದೆ ಅಂದರೆ ಹಟ ಹಿಡಿಯಬೇಡಿ. ಮಂಡಿ ಬದಲಾವಣೆ ಒಳ್ಳೆಯ ಆಪರೇಷನ್. ಪ್ರಧಾನಿಯಾಗಿದ್ದಾಗಲೇ ಅಟಲ್ ಬಿಹಾರಿ ವಾಜಪೇಯಿ 2000 ಮತ್ತು 2001ರಲ್ಲಿ ಮುಂಬೈಯಲ್ಲಿ ಒಂದೊಂದೇ ಮಂಡಿ ಬದಲಿಸಿಕೊಂಡರು. ಪೂರ್ತಿ ಬದಲಿಸಿದ ನೂರು ಮಂಡಿಗಳಲ್ಲಿ ಸುಮಾರು 82 ಇಪ್ಪತ್ತೈದು ವರ್ಷ ಬಾಳುತ್ತವೆ ಎಂದು 2019ರ ಅಂದಾಜು ಹೇಳುತ್ತದೆ. ಆದರೆ ವಯಸ್ಸು ಮುಖ್ಯ. ಬ್ರಿಟನ್ನಿನ 2017ರ ಲೆಕ್ಕದಂತೆ, ಎಪ್ಪತ್ತು ದಾಟಿ ಮಾಡಿಸಿಕೊಂಡವರಲ್ಲಿ ಮತ್ತೆ ಬದಲಿಸಬೇಕಾದವರು ನೂರಕ್ಕೆ ಐದರ ಆಸುಪಾಸು. ಐವತ್ತರ ಹೊಸ್ತಿಲಲ್ಲಿ ಮಾಡಿಸಿಕೊಂಡ ಗಂಡಸರಲ್ಲಿ ಸುಮಾರು 35. ಹಾಗಾಗಿ ಐವತ್ತರವರಿಗೆ ಮುಂದೂಡಿದ ಪ್ರತಿ ವರ್ಷವೂ ಲಾಭ.

ವೈದ್ಯರನ್ನು ಕೇಳಬೇಕಾದ್ದು: ಒಳಭಾಗ ಮಾತ್ರ ಸವೆದಿದ್ದರೆ ಅರ್ಧ ಮಂಡಿ ಬದಲಿಸಿದರೆ ಸಾಕೇ? ವಯಸ್ಸು ಕಮ್ಮಿ ಇದ್ದರೆ, ಎಲುಬನ್ನು ಕೊಯ್ದು ಭಾರದ ದಿಕ್ಕು ತಿದ್ದುವ ಆಪರೇಷನ್ ಆಗುತ್ತದೆಯೇ? ಎರಡೂ ಮಂಡಿ ಒಟ್ಟಿಗೆ ಯಾಕೆ, ಒಂದಾದ ಮೇಲೆ ಒಂದು ಆಗದೇ? ಆಮೇಲೆ ನಾನು ನೆಲದ ಮೇಲೆ ಕೂರಬಹುದೇ, ಗದ್ದೆಗೆ ಇಳಿಯಬಹುದೇ? ಕೊನೆಯ ಪ್ರಶ್ನೆಗೆ ಉತ್ತರ ಬಹಳ ಸಲ 'ಬೇಡ' ಎಂದೇ ಇರುತ್ತದೆ, ಅದನ್ನು ಮೊದಲೇ ತಿಳಿದಿರಬೇಕು. ಶುಗರ್ ಹತೋಟಿಗೆ ಬಂದಿರಲಿ, ಹಲ್ಲು ಮತ್ತು ಚರ್ಮದ ಸೋಂಕು ವಾಸಿಯಾಗಿರಲಿ. ಹಂತ 3ರ ವ್ಯಾಯಾಮವನ್ನು ಆಪರೇಷನ್ ಹಿಂದಿನ ದಿನದವರೆಗೂ ಮಾಡಿ, ಎದ್ದು ನಡೆಯುವುದು ಸುಲಭವಾಗುತ್ತದೆ.

ದುಡ್ಡಿನ ವಿಷಯ. ಕೃತಕ ಮಂಡಿಗೆ ಕೇಂದ್ರ ಸರ್ಕಾರ 2017ರ ಆಗಸ್ಟ್‌ನಲ್ಲಿ ಗರಿಷ್ಠ ಬೆಲೆ ಗೊತ್ತು ಮಾಡಿತು. ಸಾಮಾನ್ಯವಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ ಆಗ ತೆರಿಗೆ ಬಿಟ್ಟು 54,720 ರೂಪಾಯಿ. ಆಮೇಲೆ ದರ ಪರಿಷ್ಕರಣೆ ಆಗಿದೆ, ಅದಕ್ಕೇ ಬಿಲ್ಲಿನಲ್ಲಿ ಇಂಪ್ಲಾಂಟ್ (ಕೃತಕ ಮಂಡಿ) ಬೆಲೆಯನ್ನು ಬೇರೆಯಾಗಿ ತೋರಿಸಲು ಕೇಳಿ. ಪೊಟ್ಟಣದ ಮೇಲಿನ ಸ್ಟಿಕ್ಕರ್ ಡಿಸ್ಚಾರ್ಜ್ ಕಾಗದಕ್ಕೆ ಅಂಟಿಸಿರುತ್ತಾರೆ. ಅದರಲ್ಲಿ ಕಂಪನಿ, ಮಾದರಿ, ಅಳತೆ ಎಲ್ಲ ಇರುತ್ತದೆ. ಮುಂದೆ ಎಂದಾದರೂ ಆ ಮಂಡಿಗೆ ಮತ್ತೆ ಕೈ ಹಾಕಬೇಕಾದರೆ ವೈದ್ಯರು ಮೊದಲು ಕೇಳುವುದು ಆ ಕಾಗದವನ್ನೇ. ಆದ್ದರಿಂದ ಅದರ ಒಂದು ಫೋಟೋ ಮನೆಯವರ ಫೋನಿನಲ್ಲೂ ಇರಲಿ.